ತಟ್ಟುವ ಜಾಗ

"ದುಡ್ಡು ನುಂಗಿದ್ದು ಅದು, ಕಳ್ಳ ಆಗಿದ್ದು ನಾನು! ಇದ್ಯಾವ ನ್ಯಾಯ ಸ್ವಾಮೀ? ನೀವೇ ಹೇಳಿ!"

"ಕೂಗಬೇಡಪ್ಪ, ಹೊರಗೆ ಪ್ರಯಾಣಿಕರಿದ್ದಾರೆ," ಎಂದರು ಡಿಪೋ ಮ್ಯಾನೇಜರರು.

"ಇರ್ಲಿ! ಕೇಳಿಸ್ಕೊಳ್ಳಲಿ! ಇಷ್ಟು ವರ್ಷ ಈ ಡಿಪೋದ ಬಸ್ಸುಗಳ ಚಕ್ರ ಬಿಚ್ಚಿದೀನಿ. ಒಂದು ನಟ್ಟು ಮನೆಗೆ ಒಯ್ದಿದ್ರೆ ತೋರ್ಸಿ. ಒಂದು ಬಿಸ್ಕತ್ತಿನ ಪೊಟ್ಟಣಕ್ಕೆ ನಾನು ಗಾಜು ಒಡೀತೀನಾ?"

"ಬಿಸ್ಕತ್ತಿಗಲ್ಲ," ಎಂದ ಸಾಹುಕಾರ, ಬೆಂಚಿನಿಂದ ಏಳದೆ. "ಹಣದ ಪೆಟ್ಟಿಗೆಗೆ."

ಟೈರಣ್ಣನ ಕೈಯಲ್ಲಿ ಚಕ್ರ ಬಿಚ್ಚುವ ಪಾನಾ ಇತ್ತು. ಅದು ಸಾಹುಕಾರನ ತಲೆಯ ಮಟ್ಟಕ್ಕೆ ಏರಿತು.

"ಪಾನಾ ಕೆಳಗಿಡು," ಎಂದಳು ಬಾಗಿಲಲ್ಲಿ ನಿಂತಿದ್ದ ತಕ್ಕಡಿ ಅಕ್ಕ. "ಈಗ ನಿನ್ನ ಮೇಲಿರೋದು ಸುಳ್ಳು ಕೇಸು. ಅದನ್ನ ಬೀಸಿದ್ರೆ ನಿಜವಾದ ಕೇಸಾಗುತ್ತೆ. ಆಮೇಲೆ ನಾನು ಕೈ ತೊಳ್ಕೊಂಡು ಮನೆಗೆ ಹೋಗ್ತೀನಿ."

ಪಾನಾ ಕೆಳಗಿಳಿಯಿತು.

ತಕ್ಕಡಿ ಅಕ್ಕ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತಳಾದವಳು. ತಕ್ಕಡಿಯ ತಟ್ಟೆಯ ಅಡಿಗೆ ಮೇಣ ಅಂಟಿಸಿದ ಅಂಗಡಿಯವರನ್ನು ಹಿಡಿಯುವುದರಲ್ಲೇ ಅವಳ ಅರ್ಧ ಆಯುಷ್ಯ ಕಳೆದಿತ್ತು. ಈಗ ಮೋಸ ಹೋದ ಗಿರಾಕಿಗಳ ಪರವಾಗಿ ಓಡಾಡುತ್ತಿದ್ದಳು. ಅವಳ ಹಿಂದೆ ಅವಳ ಮೈದುನ ನಿಂತಿದ್ದ. ತೀರಿಹೋದ ಗಂಡನ ತಮ್ಮ. ಬಾಡಿಗೆಗೆ ಸಾಮಾನು ಸಾಗಿಸುವ ವ್ಯಾನು ಅವನದು. ಕೆಲಸವಿಲ್ಲದ ದಿನ ಅತ್ತಿಗೆಯನ್ನು ಅದರಲ್ಲೇ ಕೂರಿಸಿಕೊಂಡು ತಿರುಗುತ್ತಿದ್ದ.

ಅವರೆಲ್ಲ ನಿಂತಿದ್ದು ಬಸ್ ಡಿಪೋದ ವಿಶ್ರಾಂತಿ ಕೋಣೆಯಲ್ಲಿ. ಎರಡು ಉದ್ದ ಬೆಂಚು, ಒಂದು ನೀರಿನ ತೊಟ್ಟಿ, ಗೋಡೆಗೆ ಪಾಳಿಯ ಗಡಿಯಾರ. ಕಿಟಕಿಯಾಚೆ ಹೊಟ್ಟೆ ಬಿಚ್ಚಿಸಿಕೊಂಡು ನಿಂತ ಬಸ್ಸುಗಳು. ಮೂಲೆಯಲ್ಲಿ ಹಗ್ಗ ಕಟ್ಟಿ ಬೇರೆ ಮಾಡಿದ ವೆಂಡಿಂಗ್ ಮೆಷಿನ್ನು. ಅದರ ಮುಂಭಾಗದ ಗಾಜು ಪುಡಿಯಾಗಿತ್ತು. ಡಿಪೋದ ಎಡಕ್ಕೆ, ಕಾಂಪೌಂಡಿನ ಆಚೆ ಗುಜರಿ. ಅಲ್ಲಿ ಹಳೇ ಬಸ್ಸುಗಳನ್ನು ಚಪ್ಪಟೆ ಮಾಡುವ ಪ್ರೆಸ್ಸು ಆಗಾಗ 'ಧಡ್' ಎಂದಾಗ ತೊಟ್ಟಿಯ ನೀರು ನಡುಗುತ್ತಿತ್ತು.

ನಾಲ್ಕು ದಿನದ ಹಿಂದೆ ಸಂಜೆ ಟೈರಣ್ಣ ಆ ಮೆಷಿನ್ನಿಗೆ ನಾಣ್ಯ ಹಾಕಿದ. ಬಿಸ್ಕತ್ತೂ ಬೀಳಲಿಲ್ಲ, ನಾಣ್ಯವೂ ವಾಪಸ್ ಬರಲಿಲ್ಲ. ಡಿಪೋದಲ್ಲಿ ಎಲ್ಲರೂ ಮಾಡುವಂತೆ ಅವನೂ ಅದರ ಪಕ್ಕಕ್ಕೆ ಒಂದು ಏಟು ಬಿಟ್ಟ. ಒಳಗೆಲ್ಲೋ ತಗಡು ಕಳಚಿದ ಸದ್ದಾಗಿ, ಚಿಲ್ಲರೆ ವಾಪಸ್ ಬರುವ ಬಾಯಿಂದ ನಾಣ್ಯಗಳು ಮಳೆ ಸುರಿದ ಹಾಗೆ ಸುರಿದವು. ತನ್ನದೊಂದನ್ನು ಎತ್ತಿಕೊಂಡು, ಮಿಕ್ಕದ್ದನ್ನು ಅಲ್ಲೇ ಬಿಟ್ಟು, ಮ್ಯಾನೇಜರರ ಕೋಣೆಗೆ ಹೋಗಿ ಹೇಳಿದ: "ಸಾರ್, ಅದರೊಳಗೆ ಯಾರೋ ತಗಡು ಅಡ್ಡ ಕೂರ್ಸಿದಾರೆ. ವಾಪಸ್ ಬರ್ಬೇಕಾದ ದುಡ್ಡು ಅಲ್ಲೇ ನಿಲ್ಲುತ್ತೆ. ಬಿಚ್ಚಿ ನೋಡಿ."

ಮ್ಯಾನೇಜರರು ಮೆಷಿನ್ನಿನ ಒಡೆಯನಾದ ಸಾಹುಕಾರನಿಗೆ ಫೋನ್ ಮಾಡಿ, ಬೆಳಗ್ಗೆ ಎಲ್ಲರ ಎದುರು ಬಿಚ್ಚಿಸೋಣ ಎಂದರು. ಬೆಳಗಾದಾಗ ಗಾಜು ಒಡೆದಿತ್ತು, ಹಣದ ಪೆಟ್ಟಿಗೆ ಮಾಯವಾಗಿತ್ತು. ಬಿಚ್ಚಿ ನೋಡಿದರೆ ಒಳಗೆ ತಗಡೂ ಇಲ್ಲ, ಗಿಗಡೂ ಇಲ್ಲ.

ಈಗ ಮೇಜಿನ ಮೇಲೆ ತಪ್ಪೊಪ್ಪಿಗೆ ಪತ್ರವಿತ್ತು. ಸಂಜೆ ಪಾಳಿಯ ಗಂಟೆ ಹೊಡೆಯುವುದರೊಳಗೆ ಟೈರಣ್ಣ ಸಹಿ ಹಾಕಿದರೆ ಕೆಲಸ ಹೋಗುತ್ತದೆ, ಪೊಲೀಸರು ಬರುವುದಿಲ್ಲ. ಹಾಕದಿದ್ದರೆ ಕೆಲಸವೂ ಹೋಗುತ್ತದೆ, ಪೊಲೀಸರೂ ಬರುತ್ತಾರೆ.

"ಅಕ್ಕಾ," ಎಂದ ಟೈರಣ್ಣ, ಸ್ವರ ತಗ್ಗಿಸಿ. "ಮಗಳು ನರ್ಸಿಂಗ್ ಓದ್ತಿದಾಳೆ. ಅವಳ ಕಾಲೇಜಲ್ಲಿ ಆಗ್ಲೇ ಗೊತ್ತಾಗಿದೆ. ನಿನ್ನಪ್ಪ ಬಿಸ್ಕತ್ತು ಕದ್ದನಂತೆ ಅಂತ ಕೇಳ್ತಿದಾರೆ. ಕೆಲಸ ಹೋದ್ರೆ ಕೂಲಿ ಮಾಡ್ತೀನಿ. ಇದಕ್ಕೇನ್ ಮಾಡ್ಲಿ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರಲ್ಲ."

"ಅಡಿಕೆಗೂ ಹೋಗಿಲ್ಲ, ಆನೇನೂ ಬೇಡ. ಸುಮ್ನೆ ಕೂತ್ಕೋ."

ಅವಳು ಹಗ್ಗ ದಾಟಿ ಮೆಷಿನ್ನಿನ ಮುಂದೆ ನಿಂತಳು. ಒಡೆದ ಗಾಜಿನ ಮೇಲ್ಗಡೆ ಒಂದು ಚೀಟಿ ಅಂಟಿಸಿತ್ತು: ಹಾಕಿದ ಹಣವನ್ನು ಯಾವ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ.

"ಇದನ್ನ ಬರೆಸಿದ್ದು ಯಾರು?"

"ನಾನೇ," ಎಂದ ಸಾಹುಕಾರ. ಇಸ್ತ್ರಿ ಮಾಡಿದ ಅಂಗಿ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಊರಿನ ಆಸ್ಪತ್ರೆ, ಕಾಲೇಜು, ಡಿಪೋ ಎಲ್ಲ ಕಡೆಯ ಮೆಷಿನ್ನುಗಳೂ ಅವನವೇ. "ಗಿರಾಕಿ ಓದಿಕೊಂಡೇ ದುಡ್ಡು ಹಾಕ್ತಾನೆ. ಒಪ್ಪಿಗೆ ಇದ್ದ ಹಾಗೆ."

"ನಿಮ್ಮ ಅಂಗಡಿ ಗೋಡೆ ಮೇಲೆ 'ಇಲ್ಲಿ ಜೇಬು ಕತ್ತರಿಸಲಾಗುವುದು' ಅಂತ ಬರೆದ್ರೆ, ಒಳಗೆ ಬಂದವನು ಒಪ್ಪಿದ ಹಾಗಾ?"

ಮೈದುನ ಕಿಸಕ್ಕನೆ ನಕ್ಕ. ಸಾಹುಕಾರ ಅವನ ಕಡೆ ಒಮ್ಮೆ ನೋಡಿದ. ನಗು ನಿಂತಿತು.

"ಕೇಳಿ ಸಾಹುಕಾರ್ರೇ. ಇದು ಹುಂಡಿ ಅಲ್ಲ, ಅಂಗಡಿ. ಮಾರೋನು ಎದುರಿಗೆ ನಿಂತಿಲ್ಲ, ಅಷ್ಟೇ. ನಾಣ್ಯ ಒಳಗೆ ಬಿದ್ದ ಕ್ಷಣಕ್ಕೆ ವ್ಯಾಪಾರ ಕುದುರ್ತು. ಆಮೇಲೆ ಇರೋದು ಎರಡೇ ದಾರಿ. ಸಾಮಾನು ಕೊಡು, ಇಲ್ಲ ದುಡ್ಡು ವಾಪಸ್ ಕೊಡು. ಮೂರನೇ ದಾರಿಯನ್ನ ಚೀಟಿ ಅಂಟ್ಸಿ ಹುಟ್ಸೋಕಾಗಲ್ಲ."

"ತೊಂದರೆ ಆದ್ರೆ ಫೋನ್ ಮಾಡಿ ಅಂತ ನಂಬರೂ ಹಾಕಿದೀವಲ್ಲ."

ಅವಳು ಆ ನಂಬರಿಗೆ ಫೋನ್ ಮಾಡಿದಳು. ಸದ್ದು ಹೊರಗೆ ಕೇಳಿಸುವಂತೆ ಇಟ್ಟಳು. ಗಂಟೆ ಬಾರಿಸಿತು, ಬಾರಿಸಿತು, ತಾನಾಗಿ ನಿಂತಿತು.

"ಊಟಕ್ಕೆ ಹೋಗಿರ್ಬೇಕು," ಎಂದ ಸಾಹುಕಾರ.

"ಮೆಷಿನ್ ಇಟ್ಟಾಗಿಂದ ಊಟ ಮಾಡ್ತಾನೇ ಇದಾರೆ," ಎಂದು ಟೈರಣ್ಣ ಗೊಣಗಿದ.

ಮ್ಯಾನೇಜರರು ಕನ್ನಡಕ ತೆಗೆದು ಒರೆಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ. "ಮೇಡಂ, ಗಿರಾಕಿಗೆ ಹಕ್ಕಿದೆ, ನಾನು ಇಲ್ಲ ಅನ್ನಲ್ಲ. ಆದ್ರೆ ದುಡ್ಡು ಬರ್ಲಿಲ್ಲ ಅಂತ ಗಾಜು ಒಡೆಯೋ ಹಕ್ಕು ಇಲ್ವಲ್ಲ."

"ಇಲ್ಲ. ಒಡೆದಿದ್ರೆ ನಾನೇ ಇವನ ಕಿವಿ ಹಿಂಡಿ ದಂಡ ಕಟ್ಟಿಸ್ತಿದ್ದೆ. ಒಡೆದಿದಾನಾ ಅನ್ನೋದೇ ಪ್ರಶ್ನೆ."

ಒಳಗಿನ ತಗಡಿನ ಮಾತೇ ಅವಳ ತಲೆ ತಿನ್ನುತ್ತಿತ್ತು. ತಗಡು ಕೂರಿಸಬೇಕಾದರೆ ಸ್ಕ್ರೂ ಬೇಕು. ಸ್ಕ್ರೂ ಬೇಕಾದರೆ ತೂತು ಕೊರೆಯಬೇಕು. ತಗಡು ಕಿತ್ತರೂ ತೂತು ಎಲ್ಲಿಗೆ ಹೋಗುತ್ತದೆ? ಅಷ್ಟು ಜನ ಮೆಕ್ಯಾನಿಕ್ಕುಗಳ ಎದುರು ಬಿಚ್ಚಿದರೆ ಕುರುಡನಿಗೂ ಗೊತ್ತಾಗುತ್ತಿತ್ತು. ಆದರೆ ಬಿಚ್ಚಿದಾಗ ತೂತೂ ಕಂಡಿರಲಿಲ್ಲ.

ಕೆಳಗಿನ ಬಾಯೊಳಗೆ ತಾನೇ ನೋಡಬೇಕೆನಿಸಿತು. ನೆಲದ ತುಂಬ ಗ್ರೀಸು.

"ಗಾಡೀಲಿ ಕಂಬಳಿ ಇದೆಯಲ್ಲ, ತಗೊಂಡ್ ಬಾ. ಮಂಡಿ ಊರ್ಬೇಕು."

"ಕಂಬಳಿನಾ? ಗಾಡೀಲಿ ಏನೂ ಇಲ್ಲ ಅತ್ತಿಗೆ. ಪೇಪರ್ ಹಾಸ್ಲಾ?"

"ಬರೋವಾಗ ಅದರ ಮೇಲೇ ಕಾಲಿಟ್ಕೊಂಡು ಬಂದಿದೀನಿ. ಕಣ್ಣು ಕಾಣ್ಸಲ್ವಾ ನಿಂಗೆ?"

ಅವನು ಹೋಗಿ ತಂದ. ಕೆಂಪು ಉಣ್ಣೆಯ ದಪ್ಪ ಕಂಬಳಿ. ಗಂಡ ಹೊದೆಯುತ್ತಿದ್ದದ್ದು. ಅವನು ಹೋದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳಲಾಗದೆ, ಬೀರು ಮಂಚಗಳಿಗೆ ಗೀರು ಬೀಳದಂತೆ ಸುತ್ತಲು ಇರಲಿ ಎಂದು ಅವಳೇ ಮೈದುನನಿಗೆ ಕೊಟ್ಟಿದ್ದಳು. ಕೊಡುವ ಮುಂಚೆ ಸವೆದ ಮೂಲೆಗೆ ಹಸಿರು ದಾರದಲ್ಲಿ ಹೊಲಿಗೆ ಹಾಕಿದ್ದಳು. ಕೆಂಪು ದಾರ ಮನೆಯಲ್ಲಿ ಇರಲಿಲ್ಲ.

ಈಗ ನೋಡಿದರೆ ಆ ಮೂಲೆಯೇ ಹರಿದುಹೋಗಿತ್ತು.

"ಇದೇನೋ ಇದು? ನಿಮ್ಮಣ್ಣನ ಕಂಬಳಿ ಅಂತ ಒಂದು ಚೂರಾದ್ರೂ ಬೇಡ್ವಾ?"

"ಯಾರ್ದೋ ಬೀರು ಇಳಿಸೋವಾಗ ಸಿಕ್ಕಿಹಾಕ್ಕೊಳ್ತು ಅತ್ತಿಗೆ. ಇನ್ನೊಂದು ಹೊಲಿಗೆ ಹಾಕಿದ್ರಾಯ್ತು ಬಿಡಿ."

"ಹಾಕೋಕೆ ನಾನು ಕೂತಿದೀನಲ್ಲ ಇಲ್ಲಿ."

ಅವಳು ಕಂಬಳಿಯ ಮೇಲೆ ಮಂಡಿಯೂರಿ, ಟಾರ್ಚಿನ ಬೆಳಕು ಬಿಟ್ಟು ಬಾಯೊಳಗೆ ಕಣ್ಣಿಟ್ಟಳು. ಒಳಗೋಡೆ ನುಣುಪಾಗಿತ್ತು. ತೂತಿಲ್ಲ, ಗೀರಿಲ್ಲ. ಎದ್ದು ನಿಂತು ಸೊಂಟಕ್ಕೆ ಕೈಕೊಟ್ಟಳು.

"ನೋಡಿದ್ರಾ?" ಎಂದ ಸಾಹುಕಾರ. ಸ್ವರದಲ್ಲಿ ಗೆಲುವಿತ್ತು. "ಇನ್ನು ಸಹಿ ಹಾಕ್ಸಿ ಸಾರ್. ನಂಗೂ ಬೇರೆ ಕೆಲಸ ಇದೆ."

ಮೈದುನ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ.

ಆಗಲೇ ಕಂಡಕ್ಟರ್ ಹೆಂಗಸೊಬ್ಬಳು ಬಾಟಲಿಗೆ ನೀರು ತುಂಬಿಸಿಕೊಳ್ಳಲು ಒಳಗೆ ಬಂದಳು. ಟಿಕೆಟ್ ಚೀಲ ಇನ್ನೂ ಕೊರಳಲ್ಲೇ ಇತ್ತು. ತಕ್ಕಡಿ ಅಕ್ಕ ಅವಳನ್ನೇ ಕರೆದಳು.

"ಬಾಮ್ಮಾ ಇಲ್ಲಿ. ಈ ಮೆಷಿನ್ ನಿನ್ನ ದುಡ್ಡು ಯಾವಾಗಾದ್ರೂ ನುಂಗಿದೆಯಾ?"

"ಯಾವಾಗ ನುಂಗಿಲ್ಲ ಅಂತ ಕೇಳಿ."

"ನುಂಗಿದಾಗ ಏನ್ಮಾಡ್ತೀಯಾ?"

"ಏನ್ಮಾಡೋದು? ಮನೇಲಿ ಗಂಡನಿಗೆ ಹೊಡೆಯೋಕಾಗುತ್ತಾ? ಇದಕ್ಕೆ ಹೊಡೀತೀನಿ."

"ಹೇಗೆ? ತೋರ್ಸು."

"ಮುಟ್ಟಬೇಡಿ!" ಎಂದರು ಮ್ಯಾನೇಜರರು.

"ಒಡೆದು ಕೂತಿರೋದನ್ನ ಇನ್ನೆಷ್ಟು ಒಡೀತಾಳೆ ಸ್ವಾಮೀ? ಹೊಡಿಯಮ್ಮಾ."

ಆಕೆ ಬಾಟಲಿಯನ್ನು ಎಡಗೈಗೆ ಬದಲಿಸಿ, ಮೆಷಿನ್ನಿನ ಬಲಪಕ್ಕಕ್ಕೆ ಹೋಗಿ, ಕಿವಿಯ ಮಟ್ಟದಲ್ಲಿ ಅಂಗೈಯಿಂದ ಬಾರಿಸಿದಳು. 'ಠಣ್' ಎಂದಿತು.

"ಅಯ್ಯ!" ಅಂಗೈ ಉಜ್ಜಿಕೊಂಡಳು. "ಇದ್ಯಾಕೆ ಹೀಗೆ?"

"ಹೇಗೆ?" ಎಂದರು ಮ್ಯಾನೇಜರರು.

"ಇರಿ, ಇನ್ನೊಬ್ರು ಹೊಡೀಲಿ," ಎಂದು ತಕ್ಕಡಿ ಅಕ್ಕ ಮಾತು ತಡೆದಳು. "ಟೈರಣ್ಣ, ನೀನು."

ಟೈರಣ್ಣ ಎದ್ದು ಬಂದ. ಬಲಪಕ್ಕ, ಅದೇ ಜಾಗ. 'ಠಣ್'. ಅವನೂ ಅಂಗೈ ನೋಡಿಕೊಂಡ.

"ಈಗ ನೀವು, ಮ್ಯಾನೇಜರ್ ಸಾರ್."

"ನಾನಾ? ಛೆ, ನಾನು ಅಂಥದ್ದೆಲ್ಲ..."

"ಸಾರ್, ಹೋದ ವಾರ ನೀರಿನ ಬಾಟಲಿಗೆ ಎರಡು ಸಲ ಬಿಟ್ರಿ," ಎಂದಳು ಕಂಡಕ್ಟರ್. "ನಾನು ಹಿಂದೇನೇ ನಿಂತಿದ್ದೆ."

ಮ್ಯಾನೇಜರರ ಕಿವಿ ಕೆಂಪಾಯಿತು. ಕನ್ನಡಕ ಜೇಬಿಗೆ ಹಾಕಿ, ಮೆಷಿನ್ನಿನ ಬಲಪಕ್ಕಕ್ಕೆ ನಡೆದು, ಯಾರೂ ಹೇಳಿಕೊಡದೆ ಅದೇ ಜಾಗಕ್ಕೆ ಬಾರಿಸಿದರು. ಹೊಡೆತ ಟೈರಣ್ಣನದಕ್ಕಿಂತ ಜೋರಾಗಿತ್ತು. ಕಂಡಕ್ಟರ್ ಸೆರಗು ಬಾಯಿಗೆ ಇಟ್ಟುಕೊಂಡಳು.

"ಸಾಹುಕಾರ್ರೇ, ಈಗ ನಿಮ್ಮ ಸರದಿ."

"ನಾಟಕ ಸಾಕು ಮೇಡಂ."

"ನಿಮ್ಮದೇ ಮೆಷಿನ್ನು. ದುಡ್ಡು ನುಂಗಿದೆ. ಒಂದು ಬಿಡಿ."

ಎಲ್ಲರೂ ನೋಡುತ್ತಿದ್ದರು. ಸಾಹುಕಾರ ಎದ್ದು ಬಂದು ಮುಂದುಗಡೆ ನಿಂತು, ಗುಂಡಿಗಳ ಪಕ್ಕದಲ್ಲಿ ಬಾಗಿಲಿನ ಮೇಲೆ ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎನಿಸಿದ. ಯಾರದೋ ಮನೆಯ ಬಾಗಿಲು ತಟ್ಟುವವನ ಹಾಗೆ.

ಮೊದಲು ನಕ್ಕವಳು ಕಂಡಕ್ಟರ್. ಆಮೇಲೆ ಟೈರಣ್ಣ. ಕಿಟಕಿಯಿಂದ ಇಣುಕುತ್ತಿದ್ದ ಇಬ್ಬರು ಮೆಕ್ಯಾನಿಕ್ಕುಗಳೂ ಸೇರಿಕೊಂಡರು.

ತಕ್ಕಡಿ ಅಕ್ಕ ನಗಲಿಲ್ಲ.

"ಇಡೀ ಡಿಪೋದ ಕೈಗೆ ಈ ಜಾಗ ಗೊತ್ತು. ನಿಮ್ಮ ಕೈಗೆ ಮಾತ್ರ ಗೊತ್ತಿಲ್ಲ. ಯಾಕೆ ಹೇಳ್ಲಾ? ನಿಮ್ಮ ದುಡ್ಡು ಇದರಲ್ಲಿ ಒಂದು ದಿನಾನೂ ಸಿಕ್ಕಿಹಾಕ್ಕೊಂಡಿಲ್ಲ. ಹೊಡೆಯೋ ಗ್ರಹಚಾರ ನಿಮಗೆ ಬಂದಿಲ್ಲ." ಅವಳು ಕಂಡಕ್ಟರ್ ಕಡೆ ತಿರುಗಿದಳು. "ಈಗ ಹೇಳಮ್ಮಾ. ಯಾಕೆ 'ಅಯ್ಯ' ಅಂದೆ?"

"ಅಲ್ಲೊಂದು ತಗ್ಗಿತ್ತಲ್ಲ ಅಕ್ಕಾ. ಹೊಡೆದೂ ಹೊಡೆದೂ ಕೈ ಕೂರೋಷ್ಟು ತಗ್ಗಾಗಿತ್ತು. ಮೆಕ್ಯಾನಿಕ್‌ಗಳ ಕೈ ಗ್ರೀಸು ಮೆತ್ತಿ ಕರ್ರಗಿತ್ತು. ಮುಟ್ಟೋಕೇ ಅಸಹ್ಯ ಆಗ್ತಿತ್ತು."

ಎಲ್ಲರೂ ಬಲಪಕ್ಕಕ್ಕೆ ಬಂದು ನೋಡಿದರು. ತಗಡು ಚಪ್ಪಟೆಯಾಗಿ, ಬಿಳಿಯಾಗಿ ಹೊಳೆಯುತ್ತಿತ್ತು. ಈಗ ಹೊಡೆದ ಟೈರಣ್ಣನ ಅಂಗೈ ಗುರುತೊಂದೇ ಕಪ್ಪಗೆ ಮೂಡಿತ್ತು.

"ಒರೆಸಿದೀವಿ," ಎಂದ ಸಾಹುಕಾರ. "ಬಿಚ್ಚೋ ಮುಂಚೆ ಕ್ಲೀನ್ ಮಾಡ್ಸಿದೀವಿ."

"ಒರೆಸಿದ್ರೆ ಜಿಡ್ಡು ಹೋಗುತ್ತೆ. ತಗ್ಗು ಎಲ್ಲಿಗೆ ಹೋಯ್ತು?"

ಗುಜರಿಯ ಪ್ರೆಸ್ಸು 'ಧಡ್' ಎಂದಿತು.

"ಇದು ಆ ಮೆಷಿನ್ನೇ ಅಲ್ಲ ಮ್ಯಾನೇಜರ್ ಸಾರ್. ಅದೇ ಬಣ್ಣ, ಅದೇ ಆಕಾರ, ಅದೇ ಚೀಟಿ. ಆದ್ರೆ ಬೇರೆದು. ನೀವು ಬಿಚ್ಚಿಸ್ತೀನಿ ಅಂತ ಫೋನ್ ಮಾಡಿದ್ರಿ. ಬಿಚ್ಚಿದ್ರೆ ತಗಡು ಕೂರ್ಸಿದ ತೂತು ಕಾಣುತ್ತೆ. ಅದಕ್ಕೆ ಬೆಳಕು ಹರಿಯೋಷ್ಟರಲ್ಲಿ ಅದನ್ನ ಎತ್ತಿ, ಇದನ್ನ ತಂದಿಟ್ಟು, ಗಾಜು ಒಡೆದ್ರು. ತಪ್ಪು ಟೈರಣ್ಣನ ತಲೆಗೆ. ಹಗ್ಗ ಕಟ್ಟಿ ಯಾರೂ ಮುಟ್ಟದ ಹಾಗೆ ಮಾಡಿದ್ದೂ ಅದಕ್ಕೇ. ಮುಟ್ಟಿದ್ದಿದ್ರೆ ಮೊದಲನೇ ದಿನವೇ ಕೈಗೆ ಗೊತ್ತಾಗ್ತಿತ್ತು."

"ಹಿಂದಿನ ಗೇಟಿನ ಕೀಲಿ ಇವರ ಹತ್ರಾನೇ ಇದೆ," ಎಂದರು ಮ್ಯಾನೇಜರರು ನಿಧಾನವಾಗಿ. "ಬಿಸ್ಕತ್ತು ತುಂಬೋಕೆ ಬೆಳಗಿನ ಜಾವ ಬರ್ತಾರೆ ಅಂತ ನಾನೇ ಕೊಟ್ಟಿದ್ದು."

ಸಾಹುಕಾರನಿಗೆ ಬೆವರು ಬರಲಿಲ್ಲ. ಅದೇ ತಕ್ಕಡಿ ಅಕ್ಕನಿಗೆ ಹಿಡಿಸಲಿಲ್ಲ. ಕಳ್ಳತೂಕದ ಅಂಗಡಿಯವರು ಸಿಕ್ಕಿಬಿದ್ದಾಗ ಕೂಗಾಡುತ್ತಾರೆ, ಇಲ್ಲ ಕಾಲು ಹಿಡಿಯುತ್ತಾರೆ. ತಣ್ಣಗೆ ನಿಂತವನ ಹತ್ತಿರ ಬಚ್ಚಿಟ್ಟ ಇನ್ನೊಂದು ಇಸ್ಪೀಟು ಎಲೆ ಇದೆ ಎಂದೇ ಅರ್ಥ.

"ತಗ್ಗಿತ್ತು ಅಂತ ಹೇಳೋರು ಯಾರು? ಎಲ್ಲ ಇವನ ಜೊತೆ ಕೆಲಸ ಮಾಡೋರೇ," ಎಂದ. "ಪೊಲೀಸರು ಕೇಳೋದು ಒಂದೇ. ಬದಲಾಯಿಸಿದ್ದು ನಿಜ ಆದ್ರೆ ಹಳೇದು ಎಲ್ಲಿ? ಸಾಗಿಸಿದವರು ಯಾರು? ಜೇಬಲ್ಲಿ ಹಾಕ್ಕೊಂಡು ಹೋಗೋ ವಸ್ತುನಾ ಅದು?"

"ಇಲ್ಲ. ನಿಮ್ಮ ಡ್ರೈವರ್ರೂ ಈ ವಾರ ರಜಾ ಅಂತೆ, ಕೇಳ್ಕೊಂಡೇ ಬಂದಿದೀನಿ. ಹೊರಗಿನ ಗಾಡಿ ಯಾವುದೋ ಬಂದಿದೆ. ಸಾಗಿಸಿದವನು ಸಿಗ್ತಾನೆ."

ಮೈದುನನ ಕೈ ತಾನಾಗಿ ಹೆಗಲಿಗೆ ಹೋಯಿತು. ಕಂಬಳಿಯನ್ನು ಸರಿಮಾಡಿಕೊಂಡಿತು.

ಅವಳು ಅದನ್ನು ಗಮನಿಸಲಿಲ್ಲ. "ಟೈರಣ್ಣ, ಇದನ್ನ ಗೋಡೆಯಿಂದ ಈಚೆಗೆ ಎಳಿ. ಹಿಂದುಗಡೆ ನೋಡ್ಬೇಕು."

"ಹಿಂದೆ ಏನಿರುತ್ತೆ ಅತ್ತಿಗೆ, ಜೇಡ," ಎಂದ ಮೈದುನ. "ಬಟ್ಟೆ ಎಲ್ಲ ಗಲೀಜಾಗುತ್ತೆ. ಪೊಲೀಸರೇ ನೋಡ್ಕೊಳ್ಳಲಿ ಬಿಡಿ."

ಟೈರಣ್ಣ ಮತ್ತು ಕಿಟಕಿಯ ಇಬ್ಬರು ಸೇರಿ ಮೆಷಿನ್ನನ್ನು ಓರೆಯಾಗಿ ತಿರುಗಿಸಿದರು. ತಕ್ಕಡಿ ಅಕ್ಕ ಸಂದಿಯಲ್ಲಿ ತೂರಿದಳು.

ಜೇಡವಿರಲಿಲ್ಲ. ಗೋಡೆಯ ಮೇಲೆ ವರ್ಷಗಳ ಬಲೆ ಜೋತಾಡುತ್ತಿತ್ತು, ಕತ್ತರಿಸಿದ ಹಾಗೆ ಅರ್ಧಕ್ಕೆ ತುಂಡಾಗಿತ್ತು. ಮೆಷಿನ್ನಿನ ಬೆನ್ನಿನ ಮೇಲೆ ಒಂದು ಎಳೆಯೂ ಇಲ್ಲ. ಇಷ್ಟು ಸಾಕು ಎಂದುಕೊಂಡು ಟಾರ್ಚಿನ ಬೆಳಕನ್ನು ಕೆಳಗೆ ಬಿಟ್ಟಳು. ಮೂಲೆಯ ಬೋಲ್ಟಿನ ಚೂಪಿಗೆ ಏನೋ ಸಿಕ್ಕಿಕೊಂಡಿತ್ತು. ಕೈ ಚಾಚಿ ಬಿಡಿಸಿಕೊಂಡಳು.

ಕೆಂಪು ಉಣ್ಣೆಯ ಒಂದು ತುಣುಕು. ಅದರ ಮೇಲೆ ಹಸಿರು ದಾರ, ಅಡ್ಡಾದಿಡ್ಡಿ ಹೊಲಿಗೆ.

ತನ್ನ ಹೊಲಿಗೆ ತನಗೆ ಗೊತ್ತಾಗದೆ ಇರುತ್ತದೆಯೇ?

ಅವಳು ಮುಷ್ಟಿ ಮುಚ್ಚಿಕೊಂಡು ಸಂದಿಯಿಂದ ಹೊರಗೆ ಬಂದಳು. ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ಏನ್ ಸಿಕ್ತು ಮೇಡಂ?" ಸಾಹುಕಾರ ಕೇಳಿದ್ದು ಅವಳನ್ನು. ನೋಡಿದ್ದು ಅವಳ ಹೆಗಲಿನಾಚೆ ನಿಂತಿದ್ದ ಮೈದುನನನ್ನು. "ತೋರ್ಸಿ. ಎಲ್ಲರೂ ನೋಡ್ಲಿ. ಮುಷ್ಟಿ ಯಾಕೆ ಮುಚ್ಕೊಂಡಿದೀರಾ?"

ಅವನ ಹತ್ತಿರ ಇದ್ದ ಇನ್ನೊಂದು ಎಲೆ ಅದೇ. ಇವಳು ಕೇಸು ಹಿಡಿದ ದಿನದಿಂದಲೂ ಅವನಿಗೆ ಗೊತ್ತಿತ್ತು. ತಾನು ಬಾಡಿಗೆಗೆ ಕರೆದ ಗಾಡಿ ಇವಳ ಮನೆಯದು. ಇವಳು ಎಷ್ಟು ಹತ್ತಿರ ಬಂದರೂ ಕೊನೆಯ ಹೆಜ್ಜೆ ಇಡಲಾರಳು ಎಂದೇ ಅವನು ಬೆಂಚಿನ ಮೇಲೆ ತಣ್ಣಗೆ ಕೂತಿದ್ದು.

ಅವಳು ಮೈದುನನ ಹತ್ತಿರ ಹೋದಳು.

"ಆ ಕಂಬಳಿ ಕೊಡು."

"ಅತ್ತಿಗೆ..."

"ಕೊಡು ಅಂದೆ."

ಅವನು ಹೆಗಲಿಂದ ತೆಗೆದು ಕೊಟ್ಟ. ಅವಳು ಸ್ವರ ಏರಿಸಲಿಲ್ಲ. ಅವಳು ಕೂಗದೆ ಮಾತಾಡಿದ್ದನ್ನು ಅವನು ಅಣ್ಣ ಸತ್ತ ದಿನ ಬಿಟ್ಟರೆ ಬೇರೆಂದೂ ಕೇಳಿರಲಿಲ್ಲ.

"ಹಳೇ ಮೆಷಿನ್ ಎಲ್ಲಿ ಇಳಿಸ್ದೆ?"

"ನಂಗೆ ಗೊತ್ತಿರ್ಲಿಲ್ಲ ಅತ್ತಿಗೆ. ಒಂದು ಎತ್ತಿ ಒಂದು ಇಡಬೇಕು ಅಂದ್ರು, ಬಾಡಿಗೆ ಕೊಟ್ರು. ಗಾಜು ಒಡೀತಾರೆ ಅಂತ, ಟೈರಣ್ಣನ ಮೇಲೆ ಹಾಕ್ತಾರೆ ಅಂತ... ನಿಮ್ಮನ್ನ ಇಲ್ಲಿಗೆ ಮೊದಲನೇ ಸಲ ಕರ್ಕೊಂಡ್ ಬಂದಾಗ್ಲೇ ಗೊತ್ತಾಗಿದ್ದು."

"ಗೊತ್ತಾದ ಮೇಲೂ ಬಾಯಿಗೆ ಬೀಗ. ಪಕ್ಕದಲ್ಲೇ ಕೂತು ಜೋಕ್ ಹೊಡ್ಕೊಂಡು ಗಾಡಿ ಓಡಿಸ್ದೆ."

"ಗಾಡಿ ಮೇಲೆ ಸಾಲ ಇದೆ. ಸಾಹುಕಾರ್ರ ಬಾಡಿಗೇನೇ ಜಾಸ್ತಿ. ಹೇಳಿದ್ರೆ ನಾನೂ ಕಳ್ಳನೇ ಆಗ್ತೀನಿ."

"ಎಲ್ಲಿ ಇಳಿಸ್ದೆ?"

ಮೈದುನ ಟೈರಣ್ಣನ ಕಡೆ ನೋಡಿದ. ಟೈರಣ್ಣ ಬೈಯಲಿಲ್ಲ, ಪಾನಾ ಎತ್ತಲಿಲ್ಲ. ಬಾಯಿ ತೆರೆದುಕೊಂಡು ನಿಂತಿದ್ದ.

"ಗಾಡಿ ಗೇಟಿಗೆ ಅಡ್ಡ ನಿಲ್ಸಿದೀನಿ ಅತ್ತಿಗೆ. ಬಸ್ಸು ಹೊರಡೋ ಹೊತ್ತು. ಪಕ್ಕಕ್ಕೆ ಹಾಕಿ ಬರ್ತೀನಿ. ಬಂದು ಎಲ್ಲ ಹೇಳ್ತೀನಿ."

ಯಾರೂ ತಡೆಯುವ ಮೊದಲೇ ಅವನು ಬಾಗಿಲು ದಾಟಿದ್ದ. ವ್ಯಾನಿನ ಬಾಗಿಲು ಬಡಿದುಕೊಂಡಿತು. ಎಂಜಿನ್ ಕೆಮ್ಮಿತು, ಹಿಡಿಯಿತು. ಸದ್ದು ಹಿಂದಕ್ಕೆ ಸರಿದು, ತಿರುಗಿ, ದೂರವಾಯಿತು.

ಪಾಳಿಯ ಗಂಟೆ ಹೊಡೆಯಿತು.

"ಹೊತ್ತಾಯ್ತು," ಎಂದ ಸಾಹುಕಾರ. ಮೇಜಿನ ಮೇಲಿನ ಪತ್ರವನ್ನು ಟೈರಣ್ಣನ ಕಡೆ ತಳ್ಳಿದ. "ಮನೆಯವರನ್ನ ಮನೆಯವರು ಹಿಡ್ಕೊಡ್ತಾರಾ? ಮೇಡಂಗೂ ಸಂಕಟ, ನಂಗೂ ಬೇಜಾರು. ನೀನೇ ಸಹಿ ಹಾಕಿ ಎಲ್ಲರನ್ನೂ ಉಳಿಸ್ಬಿಡು."

ಟೈರಣ್ಣ ತಕ್ಕಡಿ ಅಕ್ಕನನ್ನು ನೋಡಿದ. "ಅಕ್ಕಾ, ನಿಮ್ಮ ಮನೇದು ಅಂದ್ರೆ... ನಾನು ನಿಮ್ಮನ್ನ ಒತ್ತಾಯ ಮಾಡಲ್ಲ." ಪೆನ್ನು ಕೈಗೆ ತೆಗೆದುಕೊಂಡ.

ತಕ್ಕಡಿ ಅಕ್ಕ ಕಂಬಳಿಯನ್ನು ಬಿಡಿಸಿ, ಆ ಪತ್ರದ ಮೇಲೇ ಹಾಸಿದಳು. ಹರಿದ ಮೂಲೆಯನ್ನು ಮೇಲೆ ಮಾಡಿದಳು. ಮುಷ್ಟಿ ಬಿಚ್ಚಿ ತುಣುಕನ್ನು ಅಲ್ಲಿಟ್ಟಳು. ಕೆಂಪು ಕೆಂಪಿಗೆ ಸೇರಿತು, ಹಸಿರು ಹಸಿರಿಗೆ.

"ಮ್ಯಾನೇಜರ್ ಸಾರ್, ಕನ್ನಡಕ ಹಾಕ್ಕೊಂಡು ನೋಡಿ. ತುಣುಕು ಸಿಕ್ಕಿದ್ದು ಇವರ ಮೆಷಿನ್ನಿನ ಬೆನ್ನಲ್ಲಿ. ಕಂಬಳಿ ನಮ್ಮನೇದು. ಸಾಗಿಸಿದ್ದು ನನ್ನ ಮೈದುನ. ಪೊಲೀಸರನ್ನ ಕರೀರಿ. ದೂರು ಕೊಡೋಳು ನಾನು."

ಸಾಹುಕಾರನ ಹಣೆಯ ಮೇಲೆ ಈಗ ಬೆವರು ಬಂತು.

ಮ್ಯಾನೇಜರರು ತುಣುಕನ್ನು ನೋಡಿದರು, ಮೂಲೆಯನ್ನು ನೋಡಿದರು. ಕಂಬಳಿಯ ಅಡಿಯಿಂದ ಪತ್ರವನ್ನು ಎಳೆದು, ಮಡಚಿ, ಜೇಬಿಗೆ ಹಾಕಿಕೊಂಡು ಫೋನ್ ಎತ್ತಿದರು. "ಸಹಿ ಇವತ್ತು ಬೇಡ," ಎಂದರು. "ಆದ್ರೆ ಮೇಡಂ, ಹಳೇ ಮೆಷಿನ್ ಸಿಗ್ಬೇಕು. ಅದಿಲ್ದೆ ಇದು ನಿಲ್ಲಲ್ಲ."

"ಗೊತ್ತು. ಅವನು ಬರ್ಲಿ."

ಅವಳು ಕಂಬಳಿಯನ್ನು ಎತ್ತಿಕೊಂಡು ಗೇಟಿನ ತನಕ ನಡೆದಳು. ವ್ಯಾನು ನಿಂತಿದ್ದಲ್ಲಿ ಎಣ್ಣೆ ತೊಟ್ಟಿಕ್ಕಿದ ಕಲೆ ಇತ್ತು. ಬಸ್ಸುಗಳು ಒಂದೊಂದಾಗಿ ಹೊರಗೆ ಹೋಗುತ್ತಿದ್ದವು.

"ನಮ್ಮ ಗಾಡಿ ಎಲ್ಲಿ ನಿಲ್ಲಿಸ್ದ?" ಎಂದು ಕಾವಲುಗಾರನನ್ನು ಕೇಳಿದಳು.

"ನಿಲ್ಲಿಸ್ಲಿಲ್ವಲ್ಲಮ್ಮಾ. ಎಡಕ್ಕೆ ತಿರುಗಿ ಜೋರಾಗಿ ಹೋದ್ರು."

ಮನೆ ಇದ್ದದ್ದು ಬಲಕ್ಕೆ. ಎಡಕ್ಕೆ ಹೋಗುವ ರಸ್ತೆ ಗುಜರಿಗೆ ಹೋಗಿ ಅಲ್ಲೇ ಮುಗಿಯುತ್ತಿತ್ತು. ಎಲ್ಲಿ ಇಳಿಸಿದೆ ಎನ್ನುವುದಕ್ಕೆ ಅವನು ಉತ್ತರ ಕೊಟ್ಟೇ ಹೋಗಿದ್ದ.

ಮೆಷಿನ್ನನ್ನು ಪ್ರೆಸ್ಸಿನಿಂದ ಉಳಿಸಲು ಹೋದನೋ, ಇಲ್ಲ ಅದನ್ನು ಪ್ರೆಸ್ಸಿಗೆ ಹಾಕಿಸಿ ತನ್ನನ್ನು ಉಳಿಸಿಕೊಳ್ಳಲೋ?

ಅವಳು ಕಂಬಳಿಯನ್ನು ತೋಳಿನ ಮೇಲೆ ಹಾಕಿಕೊಂಡು ಆ ರಸ್ತೆಯ ಕಡೆ ನೋಡುತ್ತ ನಿಂತಳು. ಟೈರಣ್ಣ ಬಂದು ಪಕ್ಕದಲ್ಲಿ ನಿಂತ. ಕಾಂಪೌಂಡಿನ ಆಚೆ ಪ್ರೆಸ್ಸು ಮೇಲೇರುವ ಕಿರುಗುಟ್ಟುವಿಕೆ ಕೇಳಿಸಿತು. ಅದು 'ಧಡ್' ಎಂದಾಗ ಇಬ್ಬರ ಕಾಲಡಿಯ ನೆಲವೂ ನಡುಗಿತು.

ಕೊನೆಯ ಬಸ್ಸು ಹೋಯಿತು. ಕಾವಲುಗಾರ ಗೇಟಿನ ಒಂದು ರೆಕ್ಕೆ ಮುಚ್ಚಿ, ಇನ್ನೊಂದನ್ನು ಅವಳಿಗಾಗಿ ತೆರೆದೇ ಬಿಟ್ಟ.

ಮೈದುನ ಬರಲಿಲ್ಲ.